ಕಬ್ಬಿಣಕ್ಕಲ್ಲ ಬೆಲೆ, ಕಾಗದಕ್ಕೆ

ಮೊನ್ನೆ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದೆ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲೇ ಇರುವ ಧಾರವಾಡ ಕಡೆಯ ಹುಡುಗ (ಹುಡುಗ ಅಂದರೂ ಮೂವತ್ತೈದು ದಾಟಿದೆ) ಮೊಬೈಲ್ ಹಿಡಿದುಕೊಂಡು ಬಂದ. "ಕಾಕಾ, ಇದನ್ನ ನೋಡ್ರಿ. ಅಮೆರಿಕಾದಾಗ ಒಂದು ಹಳೇ ರಿವಾಲ್ವರ್ 60 ಲಕ್ಷ ಡಾಲರಿಗೆ ಹೋಗೇದ. ನಮ್ಮ ಅಜ್ಜನ ವೆಬ್ಲಿಗೆ ಎಷ್ಟು ಬರಬಹುದ್ರಿ?"

ಅವನ ತಂದೆ ಹೋದ ವರ್ಷ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಹಾಗಾಗಿ ಈಗ ರಿವಾಲ್ವರ್ ಪೊಲೀಸ್ ಠಾಣೆಯಲ್ಲಿ ಜಮೆಯಾಗಿದೆ. ವಾರಸುದಾರನಾಗಿ ಅವನೇ ಲೈಸೆನ್ಸಿಗೆ ಅರ್ಜಿ ಹಾಕಬೇಕು, ಇಲ್ಲವೇ ಮಾರಬೇಕು. ಮಾರೋಣ ಅಂತ ಮಗ, ಬೇಡ ಅಂತ ತಾಯಿ. ಮನೆಯಲ್ಲಿ ಮೂರು ತಿಂಗಳಿಂದ ಇದೇ ಜಗಳ.

ನಾನು ಬಂದೂಕಿನ ತಜ್ಞನಲ್ಲ, ಬಿ.ಕಾಂ ಓದಿದ ಬ್ಯಾಂಕಿನವನು. ಆದರೆ ಮೂವತ್ತು ವರ್ಷ ಅಡವಿನ ಕಾಗದಪತ್ರ ನೋಡಿದವನಿಗೆ ಒಂದು ಅಭ್ಯಾಸ ಬಂದಿರುತ್ತದೆ: ಮನೆ ಎಷ್ಟೇ ಚೆನ್ನಾಗಿರಲಿ, ಮೊದಲು ನೋಡುವುದು ಯಾರಿಂದ ಯಾರಿಗೆ ಬಂತು ಅನ್ನುವುದನ್ನು. ಅವನು ತೋರಿಸಿದ ಸುದ್ದಿಯ ಬೆನ್ನು ಹತ್ತಿ ಓದಿದೆ. ಹಳೆಯ ರಿವಾಲ್ವರಿನ ಲೋಕದಲ್ಲೂ ಅದೇ ಲೆಕ್ಕ ಅಂತ ಗೊತ್ತಾಯಿತು.

ಆ 60 ಲಕ್ಷದ ರಿವಾಲ್ವರ್ ಒಂದು ಕೋಲ್ಟ್. 1881ರ ಜುಲೈ 14ರ ರಾತ್ರಿ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ ಶೆರೀಫ್ ಪ್ಯಾಟ್ ಗ್ಯಾರೆಟ್ ಇದರಿಂದಲೇ ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಪುಂಡನನ್ನು ಹೊಡೆದು ಕೊಂದ. 2021ರ ಆಗಸ್ಟ್‌ನಲ್ಲಿ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ ಇದು 60.3 ಲಕ್ಷ ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಸುಮಾರು 44 ಕೋಟಿ ರೂಪಾಯಿ! 1873ರಲ್ಲಿ ಬಂದ ಈ ಮಾದರಿಯ ಕೋಲ್ಟ್‌ಗಳನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ಮೂರೂವರೆ ಲಕ್ಷದಷ್ಟು ಮಾಡಿದ್ದರು. ಹಾಗಾದರೆ ಇದಕ್ಕೇ ಯಾಕೆ ಈ ಬೆಲೆ? ಗ್ಯಾರೆಟ್ ಇದನ್ನು ಎಲ್ ಪಾಸೋದ ಒಬ್ಬ ಸಲೂನ್ ಮಾಲೀಕನಿಗೆ ಪ್ರದರ್ಶನಕ್ಕೆಂದು ಕೊಟ್ಟಿದ್ದ. 1908ರಲ್ಲಿ ಗ್ಯಾರೆಟ್‌ನ ಕೊಲೆಯಾಯಿತು. ಸಲೂನ್ ಮಾಲೀಕನೂ ಸತ್ತ ಮೇಲೆ, 1930ರ ದಶಕದಲ್ಲಿ, ಗ್ಯಾರೆಟ್‌ನ ವಿಧವೆ ಕೋರ್ಟಿಗೆ ಹೋಗಿ ಅದನ್ನು ಬಿಡಿಸಿಕೊಂಡಳು. ಅಂದರೆ ಯಾರದು ಎಂಬ ಪ್ರಶ್ನೆಗೆ ಕೋರ್ಟಿನ ತೀರ್ಪೇ ಇದೆ. ಬ್ಯಾಂಕಿನವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವುದು ಬೇಕು ಹೇಳಿ?

ಇದಕ್ಕಿಂತ ನನಗೆ ಹಿಡಿಸಿದ್ದು ಎರಡು ಫ್ರೆಂಚ್ ರಿವಾಲ್ವರ್‌ಗಳ ಕತೆ. ಎರಡೂ ಲೆಫೋಶೋ ಮಾದರಿ, ಎರಡೂ 7 ಮಿಲಿಮೀಟರ್ ಬೋರ್. 19ನೇ ಶತಮಾನದ ಯುರೋಪಿನಲ್ಲಿ ಅಗ್ಗವಾಗಿ, ರಾಶಿರಾಶಿಯಾಗಿ ಮಾರಾಟವಾದ ಸರಕು ಇದು. ಹೆಸರಿಲ್ಲದ ಇಂಥದ್ದೊಂದು ಇವತ್ತಿಗೂ ಕೆಲವು ನೂರು ಯೂರೋಗೆ ಸಿಗುತ್ತದೆ.

ಮೊದಲನೆಯದು ಕವಿ ಪಾಲ್ ವರ್ಲೇನ್‌ನದು. 1873ರ ಜುಲೈ 10ರಂದು ಬ್ರಸೆಲ್ಸ್‌ನಲ್ಲಿ 23 ಫ್ರಾಂಕ್ ಕೊಟ್ಟು ಕೊಂಡ, ಅದೇ ಮಧ್ಯಾಹ್ನ ತನ್ನನ್ನು ಬಿಟ್ಟು ಹೊರಟಿದ್ದ ಗೆಳೆಯ, 18 ವರ್ಷದ ಕವಿ ರಿಂಬೋನ ಮೇಲೆ ಎರಡು ಗುಂಡು ಹಾರಿಸಿದ. ಒಂದು ಮಣಿಕಟ್ಟಿಗೆ ತಗುಲಿತು. ರಿಂಬೋ ದೂರು ಹಿಂತೆಗೆದುಕೊಂಡರೂ ವರ್ಲೇನ್‌ಗೆ ಎರಡು ವರ್ಷದ ಸಜೆಯಾಯಿತು. ಪೊಲೀಸ್ ದಾಖಲೆ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಮಾರಿದ ಅಂಗಡಿಯ ರಿಜಿಸ್ಟರೂ ಉಳಿಯಿತು! ಅದರಲ್ಲಿದ್ದ ನಂಬರಿಗೂ ರಿವಾಲ್ವರಿನ ಮೇಲಿದ್ದ ನಂಬರಿಗೂ ತಾಳೆಯಾಯಿತು. 2016ರ ನವೆಂಬರಿನಲ್ಲಿ ಕ್ರಿಸ್ಟೀಸ್‌ನವರ ಪ್ಯಾರಿಸ್ ಹರಾಜಿನಲ್ಲಿ 4,34,500 ಯೂರೋ.

ಎರಡನೆಯದು ಚಿತ್ರಕಾರ ವ್ಯಾನ್ ಗೋನದು ಅನ್ನುತ್ತಾರೆ. 1890ರ ಜುಲೈ 27ರಂದು ಓವೇರ್ ಎಂಬ ಹಳ್ಳಿಯಲ್ಲಿ ಗುಂಡೇಟು ತಿಂದು ಎರಡು ದಿನಕ್ಕೆ ತೀರಿಕೊಂಡ. 1965ರಲ್ಲಿ ಅಲ್ಲಿನ ಹೊಲದಲ್ಲಿ ರೈತನೊಬ್ಬನಿಗೆ ತುಕ್ಕು ತಿಂದ ರಿವಾಲ್ವರ್ ಸಿಕ್ಕಿತು. ಜಾಗ ಹೊಂದುತ್ತದೆ, ಬೋರ್ ಹೊಂದುತ್ತದೆ, ಬಹಳ ವರ್ಷ ಮಣ್ಣಿನಲ್ಲಿ ಇತ್ತೆಂದು ಪರೀಕ್ಷೆಯೂ ಹೇಳಿತು. ಆದರೆ ಇದೇ ಅದು ಅನ್ನುವ ಒಂದು ಚೀಟಿ ಇಲ್ಲ. 2019ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ 1,62,500 ಯೂರೋಗೆ ಹೋಯಿತು. ವ್ಯಾನ್ ಗೋನ ಹೆಸರು ವರ್ಲೇನ್‌ಗಿಂತ ಎಷ್ಟು ದೊಡ್ಡದು! ಆದರೂ ಬೆಲೆ ಅರ್ಧಕ್ಕಿಂತ ಕಡಿಮೆ. ತುಕ್ಕಿನ ಪಾಲೂ ಇರಬಹುದು. ನನ್ನ ಲೆಕ್ಕದಲ್ಲಿ ಮುಖ್ಯವಾಗಿ ಕಳೆದದ್ದು 'ಇರಬಹುದು' ಅನ್ನುವ ಒಂದು ಶಬ್ದ.

ಇನ್ನು ಯಾವ ಕತೆಯೂ ಇಲ್ಲದ ರಿವಾಲ್ವರ್ ಇದ್ದರೆ? ಆಗ ಕಬ್ಬಿಣವನ್ನೇ ನೋಡಬೇಕು. ಎಷ್ಟು ತಯಾರಾದವು, ಎಷ್ಟು ಉಳಿದಿವೆ, ಬಿಡಿಭಾಗಗಳ ಮೇಲಿನ ನಂಬರ್ ಒಂದಕ್ಕೊಂದು ಹೊಂದುತ್ತವೆಯೇ, ಕಾರ್ಖಾನೆಯ ಮೂಲ ಬಣ್ಣ ಎಷ್ಟು ಉಳಿದಿದೆ ಇತ್ಯಾದಿ. ಇಲ್ಲೇ ನಮ್ಮವರು ಎಡವುವುದು. ಹೊಸದರ ಹಾಗೆ ಹೊಳೆಯಲಿ ಅಂತ ಪಾಲಿಶ್ ಮಾಡಿಸುತ್ತಾರೆ. ಸಂಗ್ರಾಹಕನ ಕಣ್ಣಿಗೆ ಅದು ಹಳೆಯ ಕ್ರಯಪತ್ರದ ಮೇಲೆ ವೈಟ್ನರ್ ಹಚ್ಚಿದ ಹಾಗೆ.

"ನಿಮ್ಮ ಅಪ್ಪ ಅದಕ್ಕ ನಿಕಲ್ ಮಾಡಿಸಿದ್ದರಲ್ಲ?" ಅಂತ ಕೇಳಿದೆ. ತಲೆ ಆಡಿಸಿದ.

ಮತ್ತೊಂದು ಮಾತನ್ನೂ ಹೇಳಿದೆ. ಅಮೆರಿಕದಲ್ಲಿ 1898ರವರೆಗೆ ತಯಾರಾದ ಬಂದೂಕು ಕೇಂದ್ರ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು. ಕೊಳ್ಳುವವರ ಸಂತೆಯೇ ದೊಡ್ಡದು. ನಮ್ಮಲ್ಲಿ .32 ಬೋರಿನ ವೆಬ್ಲಿ ಕೊಳ್ಳುವವನಿಗೂ ಲೈಸೆನ್ಸ್ ಬೇಕು, 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗೂ ಇಲ್ಲ. ಅಲ್ಲಿನ ಡಾಲರನ್ನು ಇಲ್ಲಿನ ರೂಪಾಯಿಗೆ ಗುಣಿಸಿ ಉಪಯೋಗವಿಲ್ಲ.

"ಆದರ ಕಾಕಾ, ಅಜ್ಜಗ ಅದನ್ನ ಇಂಗ್ಲಿಷ್ ಕಲೆಕ್ಟರ್ ಸಾಹೇಬ ಕೊಟ್ಟಿದ್ದು" ಅಂದ. ಈ ಕತೆ ಅವರ ಮನೆಯಲ್ಲಿ ನಾನೂ ಹತ್ತು ಸಲ ಕೇಳಿದ್ದೇನೆ. "ಕಾಗದ ಅದ ಏನು?" ಅಂದೆ. ಸಂಜೆ ಅವರ ಮನೆಗೆ ಹೋಗಿ ವೈನಿಯನ್ನೇ ಕೇಳಿದೆ. ಅವರ ಮುಖ ಸಣ್ಣದಾಯಿತು. "ಟ್ರಂಕಿನಾಗ ಒಂದು ಇಂಗ್ಲಿಷ್ ಪತ್ರ ಇತ್ರಿ. ದೀಪಾವಳಿಗೆ ಮನಿ ಸ್ವಚ್ಛ ಮಾಡೂ ಮುಂದ ಎಲ್ಲಾ ರದ್ದಿಯವಗ ಹಾಕಿಬಿಟ್ಟೆ."

ಉಳಿದದ್ದು ಅಜ್ಜನ ಹಳೆಯ ಲೈಸೆನ್ಸ್ ಪುಸ್ತಕ ಒಂದೇ. ಬಿಡಿಸಿ ನೋಡಿದೆವು. 1952ರಲ್ಲಿ ಅಂಗಡಿಯಿಂದ ಖರೀದಿಸಿದ ದಾಖಲೆ ಇತ್ತು, ಕೆಳಗೆ ಅಜ್ಜನ ಸಹಿ. ಕಲೆಕ್ಟರ್ ಸಾಹೇಬನ ಸುಳಿವಿಲ್ಲ. ಆ ಪತ್ರದಲ್ಲಿ ಏನಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಹುಡುಗ ಸುಮ್ಮನಾದ. ವೈನಿ ಮಾತ್ರ ಆ ಸಹಿಯ ಮೇಲೆ ಬೆರಳಾಡಿಸುತ್ತಾ, "ನಮ್ಮ ಮಾವನವರ ಅಕ್ಷರ ಇದೊಂದ ಉಳದದ ನೋಡ್ರಿ" ಅಂದರು. ಮಾರುವ ಮಾತು ಅಲ್ಲಿಗೆ ನಿಂತಿತು. ಈಗ ಅವನು ತನ್ನ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಬರೆಯುತ್ತಿದ್ದಾನೆ.

ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಯಲ್ಲೂ ಇಂಥದ್ದೊಂದು ಟ್ರಂಕ್ ಇರುತ್ತದೆ. ಜಾಗ ಸಾಲದ ಈ ಊರಿನಲ್ಲಿ ಮೊದಲು ಹೊರಗೆ ಹೋಗುವುದೂ ಅದೇ. ದಯವಿಟ್ಟು ರದ್ದಿಯವನನ್ನು ಕರೆಯುವ ಮೊದಲು ಒಂದು ಸಲ ಬಿಚ್ಚಿ ಓದಿ. ನಾನಂತೂ ಮುಂದಿನ ಭಾನುವಾರ ನಮ್ಮ ಮಾಳಿಗೆಯ ಮೇಲಿನ ಟ್ರಂಕ್ ಇಳಿಸುವವನಿದ್ದೇನೆ.