ಪ್ಯಾರಿಸಿಗೆ ಹೋದ ಪಟ್ಟಣದ ತಂದೆ–ಮಗ

ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಯುರೋಪಿನ ನಗರಗಳನ್ನು ಸುತ್ತಿ ಬರುವುದು ಈಗ ಮಂಡ್ಯ ಜಿಲ್ಲೆಯ ಹಳ್ಳಿಗಳವರಿಗೂ ಅಪರೂಪದ ಸಂಗತಿಯಲ್ಲ. ಮಕ್ಕಳು ಹೊರದೇಶದಲ್ಲಿ ಕೆಲಸಕ್ಕಿದ್ದರೆ ಒಮ್ಮೆಯಾದರೂ ಹಿರಿಯರು ವಿಮಾನ ಹತ್ತುತ್ತಾರೆ. ಇದು ತೀರಾ ಈಚಿನ ಬೆಳವಣಿಗೆ ಎಂಬುದು ಸಾಮಾನ್ಯ ಭಾವನೆ. ಆದರೆ ಇದೇ ಸೀಮೆಯ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದ ದರ್ಬಾರಿನ ಹಿರಿಯರೊಬ್ಬರು ಇನ್ನೂರು ವರ್ಷಗಳಿಗೂ ಹಿಂದೆ ಮಗನೊಡನೆ ಪ್ಯಾರಿಸ್ ನಗರ ಕಂಡಿದ್ದರು. ಅಲ್ಲಿನ ಹೆಸರಾಂತ ಚಿತ್ರಗಾರ್ತಿಯೊಬ್ಬಳು ಆ ತಂದೆ–ಮಗನನ್ನು ಒಟ್ಟಿಗೆ ಕೂರಿಸಿ ಚಿತ್ರ ಬರೆದಿದ್ದಳು.

ಇದು ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ಕಳುಹಿಸಿದ ರಾಯಭಾರದ ಕಥೆ. ದುದ್ದ, ಮದ್ದೂರು, ಮಳವಳ್ಳಿ ಕಡೆಯವರು ಇಂದಿಗೂ ಬರಿದೇ ‘ಪಟ್ಟಣ’ ಎಂದು ಕರೆಯುವ ಊರಿನಿಂದ ಈ ಪ್ರಯಾಣದ ಆಜ್ಞೆ ಹೊರಟಿತು. ತಂಡದ ಮುಖ್ಯರು ಮೂವರು: ಮಹಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮದ್ ಉಸ್ಮಾನ್ ಖಾನ್. ಅವರೊಡನೆ ಮನೆಯ ಕಿರಿಯರು, ಸೇವಕರು, ಅಡಿಗೆಯವರು ಇದ್ದರು.

ಹೋಗುವ ಅಗತ್ಯವಾದರೂ ಏನಿತ್ತು? 1783ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ವರ್ಸೇಲ್ಸ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಆಗ ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜತೆಗಿದ್ದ ಫ್ರೆಂಚ್ ಪಡೆ ನಡುವೆಯೇ ಕೈಬಿಟ್ಟಿತು. ಟಿಪ್ಪು 1784ರಲ್ಲಿ ಇಂಗ್ಲಿಷರೊಡನೆ ತಾನೇ ಸಂಧಿ ಮಾಡಿಕೊಳ್ಳಬೇಕಾಯಿತು. ಮುಂದಿನ ಯುದ್ಧಕ್ಕೆ ಮುನ್ನ ಫ್ರೆಂಚ್ ದೊರೆಯಿಂದಲೇ ನೇರವಾಗಿ ಮಾತು ಪಡೆಯಬೇಕೆಂಬುದು ಅವನ ಉದ್ದೇಶ. ಸೇನೆಯ ನೆರವಿನ ಜತೆಗೆ ಗಾಜು, ಪಿಂಗಾಣಿ, ಗಡಿಯಾರ ಮಾಡಬಲ್ಲ ಕುಶಲಕರ್ಮಿಗಳು, ವೈದ್ಯರು, ಗಿಡ ಹಾಗೂ ಬೀಜಗಳು ಕೂಡ ಬೇಡಿಕೆಯ ಪಟ್ಟಿಯಲ್ಲಿದ್ದವು.

ಇದಕ್ಕೆ ಮೊದಲೇ 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಇನ್ನೊಂದು ದೊಡ್ಡ ತಂಡ ತುರ್ಕಿಯ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಿತ್ತು. ಅಲ್ಲಿಂದ ಅದು ಫ್ರಾನ್ಸ್ ಮತ್ತು ಇಂಗ್ಲೆಂಡಿಗೂ ಹೋಗಬೇಕೆಂಬುದು ಮೊದಲ ಯೋಜನೆ. ಆದರೆ ಹಡಗಿನ ಅಪಘಾತ, ರೋಗರುಜಿನಗಳಿಂದ ತಂಡದ ಬಹುಪಾಲು ಜನ ದಾರಿಯಲ್ಲೇ ತೀರಿಕೊಂಡರು. ದೂರಪ್ರಯಾಣವೆಂದರೆ ಮನೆಯವರಿಂದ ಕೊನೆಯ ವಿದಾಯ ಪಡೆದು ಹೋಗುವಂತಿದ್ದ ಕಾಲ ಅದು. ಅಂಥ ಕಾಲದಲ್ಲಿ ವಯಸ್ಸಾದವರನ್ನು ಸಮುದ್ರಕ್ಕೆ ಕಳುಹಿಸಿದ್ದಕ್ಕೆ ಕಾರಣ ಸ್ಪಷ್ಟ. ಪರದೇಶದ ದೊರೆಯ ಮುಂದೆ ನಿಲ್ಲುವವನಿಗೆ ನರೆತ ಗಡ್ಡವೇ ಒಂದು ಅರ್ಹತೆಯಾಗಿತ್ತು. ಇಂದು ಮಗ ಅಪ್ಪನನ್ನು ಕರೆದೊಯ್ಯುತ್ತಾನೆ. ಅಂದು ಅಪ್ಪನೇ ಮಗನನ್ನು ಕರೆದೊಯ್ದಿದ್ದ.

1787ರ ಜುಲೈಯಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದ ತಂಡ ಫ್ರಾನ್ಸಿನ ತೂಲೋನ್ ಬಂದರು ಸೇರಿದ್ದು 1788ರ ಜೂನ್‌ನಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ; ಆದ್ದರಿಂದ ಮಾರಿಷಸ್ ದ್ವೀಪ ಮುಟ್ಟಿ, ಆಫ್ರಿಕಾದ ತುದಿಯನ್ನು ಬಳಸಿಯೇ ಹೋಗಬೇಕಿತ್ತು. ಇಂದು ಬೆಂಗಳೂರಿನಿಂದ ಪ್ಯಾರಿಸ್ ಹತ್ತು–ಹನ್ನೊಂದು ಗಂಟೆಗಳ ವಿಮಾನದ ಹಾದಿ. ಅಂದು ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ತೂಲೋನ್‌ನಿಂದ ನೆಲದ ದಾರಿಯಲ್ಲಿ ಊರೂರು ದಾಟಿ ಜುಲೈಯಲ್ಲಿ ತಂಡ ಪ್ಯಾರಿಸ್ ತಲುಪಿತು. ಮಸ್ಲಿನ್ ಬಟ್ಟೆಯ ಉದ್ದನೆಯ ನಿಲುವಂಗಿ, ರುಮಾಲು ತೊಟ್ಟ ಇವರನ್ನು ನೋಡಲು ಜನ ಬೀದಿಗಳಲ್ಲಿ ಮುಗಿಬಿದ್ದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿ ದೊರೆ ಇವರನ್ನು ವೈಭವದಿಂದ ಬರಮಾಡಿಕೊಂಡ.

ಆ ವೈಭವದ ಹಿಂದೆ ಬೊಕ್ಕಸ ಬರಿದಾಗಿತ್ತು. ಅದೇ ಜುಲೈ 13ರಂದು ಬಿದ್ದ ಭಾರಿ ಆಲಿಕಲ್ಲು ಮಳೆ ಉತ್ತರ ಫ್ರಾನ್ಸಿನ ಬೆಳೆಯನ್ನು ನೆಲಕಚ್ಚಿಸಿತ್ತು. ಆಗಸ್ಟ್ 8ರಂದು, ಅಂದರೆ ದರ್ಬಾರಿಗೆ ಎರಡೇ ದಿನ ಮೊದಲು, ದೊರೆ ದೇಶದ ಮಹಾಸಭೆಯನ್ನು ಕರೆಯಲು ಒಪ್ಪಬೇಕಾಗಿತ್ತು. ದರ್ಬಾರು ಮುಗಿದ ಆರನೆಯ ದಿನ ಖಜಾನೆ ತನ್ನ ಪಾವತಿಗಳನ್ನೇ ನಿಲ್ಲಿಸಿತು. ತನ್ನ ಮನೆಯ ಸಾಲವನ್ನೇ ತೀರಿಸಲಾಗದ ದೊರೆ ದೂರದ ಮೈಸೂರಿಗೆ ಸೇನೆ ಕಳುಹಿಸುವುದು ಸಾಧ್ಯವಿರಲಿಲ್ಲ. 1783ರ ಒಪ್ಪಂದವೂ ಅಡ್ಡಬಂತು. ಸೇವ್ರ್ ಕಾರ್ಖಾನೆಯ ಪಿಂಗಾಣಿ ಪಾತ್ರೆಗಳ ಉಡುಗೊರೆ ಮತ್ತು ಕೆಲವು ಕುಶಲಕರ್ಮಿಗಳು ದೊರೆತರು. ಸೈನ್ಯದ ನೆರವು ಮಾತ್ರ ಸಿಗಲಿಲ್ಲ.

ಈ ತಂಡದವರ ನಿತ್ಯದ ಬದುಕಿನ ಒಂದಿಷ್ಟು ಚಿತ್ರ ನಮಗೆ ಸಿಗುವುದು ಎಲಿಜಬೆತ್ ವಿಜೇ ಲ ಬ್ರೂನ್ ಎಂಬ ಚಿತ್ರಗಾರ್ತಿಯ ನೆನಪುಗಳಿಂದ. ರಾಣಿ ಮೇರಿ ಆಂಟೊನೆಟ್‌ಳ ಚಿತ್ರಗಳಿಂದ ಹೆಸರು ಮಾಡಿದ್ದ ಈಕೆ ನಾಟಕಶಾಲೆಯಲ್ಲಿ ಇವರನ್ನು ಕಂಡು, ಚಿತ್ರ ಬರೆಯುವ ಆಸೆಪಟ್ಟಳು. ದೊರೆಯೇ ಕೇಳಿದರೆ ಮಾತ್ರ ಕೂರುತ್ತೇವೆ ಎಂದರಂತೆ ರಾಯಭಾರಿಗಳು, ದೊರೆಯಿಂದಲೇ ಹೇಳಿಸಬೇಕಾಯಿತು. ದರ್ವೇಶ್ ಖಾನ್ ಕತ್ತಿ ಹಿಡಿದು ನಿಂತ. ಇನ್ನೊಬ್ಬ ಹಿರಿಯ ರಾಯಭಾರಿಯನ್ನು ಮಗ ಪಕ್ಕದಲ್ಲಿರುವಂತೆ ಕೂರಿಸಿ ಬರೆದಳು. ತಂದೆಯ ಮುಖದ ಗಾಂಭೀರ್ಯ ಅವಳನ್ನು ವಿಶೇಷವಾಗಿ ಸೆಳೆದಿತ್ತು.

ಒಂದು ದಿನ ಇವರು ಆಕೆಯನ್ನು ಊಟಕ್ಕೂ ಕರೆದರು. ನೆಲದ ಮೇಲೆ ಕುಳಿತು ಕೈಯಲ್ಲಿ ಉಣ್ಣುವುದನ್ನು ಕಂಡು ಆಕೆ ಬೆರಗಾದಳು. ನಮಗಾದರೋ ಇದು ಬೆರಗಿನ ವಿಷಯವೇ ಅಲ್ಲ. ವರ್ಷವಿಡೀ ಪರದೇಶ ಸುತ್ತಿಯೂ ಇವರು ತಮ್ಮ ಊಟದ ಕ್ರಮ ಬಿಟ್ಟಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇಂದು ಪ್ರವಾಸಕ್ಕೆ ಹೊರಟ ಹಿರಿಯರು ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ತುಂಬಿಕೊಳ್ಳುವುದನ್ನು ನೋಡಿ ನಗುವ ಮಕ್ಕಳು ಇದನ್ನು ನೆನೆಯಬಹುದು.

ಚಿತ್ರ ಮುಗಿದ ಮೇಲೆ ದರ್ವೇಶ್ ಖಾನ್ ತನ್ನ ಚಿತ್ರವನ್ನು ಮಂಚದ ಹಿಂದೆ ಅಡಗಿಸಿಟ್ಟನಂತೆ. ಇದಕ್ಕೆ ಇನ್ನೂ ಜೀವ ಬರಬೇಕು, ಆಮೇಲೆ ಕೊಡುತ್ತೇನೆ ಎಂಬುದು ಅವನ ವಾದ. ಕೊನೆಗೆ ಉಪಾಯದಿಂದ ಅದನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಅದೇ ಚಿತ್ರ 2019ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು. ತಂದೆ–ಮಗನ ಚಿತ್ರಕ್ಕೆ ಆ ಪ್ರಸಿದ್ಧಿ ಬರಲಿಲ್ಲ.

1788ರ ನವೆಂಬರಿನಲ್ಲಿ ಬ್ರೆಸ್ಟ್ ಬಂದರಿನಿಂದ ಹೊರಟ ತಂಡ 1789ರ ಮೇಯಲ್ಲಿ ಪಾಂಡಿಚೇರಿಗೆ ಮರಳಿತು. ಎರಡು ತಿಂಗಳಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಭುಗಿಲೆದ್ದಿತು. ಇವರನ್ನು ಬರಮಾಡಿಕೊಂಡ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದಾಗ, 1792ರ ಆಗಸ್ಟ್ 10ರಂದು, ಜನ ಅರಮನೆಗೆ ನುಗ್ಗಿ ಲೂಯಿಯ ಆಳ್ವಿಕೆ ಕೊನೆಗಂಡಿತು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಇಂಗ್ಲಿಷರಿಗೆ ಒಪ್ಪಿಸಿದ್ದ. 1799ರ ಮೇ 4ರಂದು ಪಟ್ಟಣ ಬಿತ್ತು.

ರಾಯಭಾರಿಗಳಿಗೆ ಕಡಲು ದಾಟಲು ಧರ್ಮದ ಅಡ್ಡಿ ಇರಲಿಲ್ಲ. ಹಿಂದೂ ಮನೆಗಳಲ್ಲಿ ಸ್ಥಿತಿ ಬೇರೆ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕೃತ್ಯಗಳಲ್ಲಿ ಎಣಿಸುತ್ತದೆ. 1888ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿ ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿಯೇ ಕಳುಹಿಸಿದರು. ಜಾತಿಯವರು ಬಹಿಷ್ಕಾರ ಹಾಕಿದರು. 1891ರಲ್ಲಿ ಮಗ ಮರಳುವ ಹೊತ್ತಿಗೆ ತಾಯಿ ಇರಲಿಲ್ಲ. ಹೀಗೆ ಬಹುಕಾಲ ಹಿರಿಯರ ಪಾಲಿಗೆ ಬಂದದ್ದು ತಡೆಯುವ ಕೆಲಸ, ಇಲ್ಲವೇ ಕಾಯುವ ಕೆಲಸ.

ಆ ಸ್ಥಿತಿ ಎಷ್ಟು ಬದಲಾಯಿತೆಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಒಳ್ಳೆಯ ನಿದರ್ಶನವಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಸುಮಾರು ಎಂಬತ್ತರ ವಯಸ್ಸಿನಲ್ಲಿ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂಬ ಪ್ರವಾಸಕಥನ ಪ್ರಕಟಿಸಿದರು. ಹೆಸರಿನಲ್ಲೇ ಮುಪ್ಪನ್ನು ಮುಂದಿಟ್ಟ ಪುಸ್ತಕ ಅದು. ಪ್ಯಾರಿಸಿಗೆ ಹೋದ ಹಿರಿಯನನ್ನು ನಾವು ಚಿತ್ರಗಾರ್ತಿಯ ಕಣ್ಣಿನಿಂದ ನೋಡಬೇಕಾಗಿದೆ. ಮೂರ್ತಿರಾಯರಾದರೋ ಕಂಡದ್ದನ್ನು ತಾವೇ ಹೇಳಿದರು.

ಇಂದು ಯುರೋಪಿಗೆ ಹೊರಡುವ ನಮ್ಮ ಹಿರಿಯರು ವಿಮಾನ ಹತ್ತುವುದು ಟಿಪ್ಪು ಹುಟ್ಟಿದ ದೇವನಹಳ್ಳಿಯಲ್ಲಿ, 2008ರಲ್ಲಿ ತೆರೆದ ನಿಲ್ದಾಣದಿಂದ. ಹದಿನೈದು ದಿನದಲ್ಲಿ ಐದಾರು ನಗರ ನೋಡಿ ಬರುವ ಅವರ ಕೈಯಲ್ಲಿ ನೂರಾರು ಭಾವಚಿತ್ರಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಮಕ್ಕಳು ತೆಗೆದವು. ಅಪ್ಪ ಅಮ್ಮ ಏನು ಕಂಡರು, ಯಾವುದಕ್ಕೆ ಬೆರಗಾದರು, ಯಾವುದು ಹಿಡಿಸಲಿಲ್ಲ ಎಂದು ಕೇಳಿ ಬರೆದಿಡುವ ಮನೆಗಳು ಕಡಿಮೆ. ಅದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ ಮತ್ತು ಕೆಲವು ಸಂಜೆಗಳ ಬಿಡುವು ಅಷ್ಟೆ.