ದುಡ್ಡಿದ್ದೂ ದಿವಾಳಿಯೆದ್ದ ಕಂಪನಿ

1982ರ ಆಗಸ್ಟ್ 26ರಂದು ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯಕ್ಕೆ ಬಂದ ಅರ್ಜಿಯೊಂದನ್ನು ನೋಡಿ ಅಮೆರಿಕದ ವ್ಯಾಪಾರಲೋಕ ಹುಬ್ಬೇರಿಸಿತು. ಅರ್ಜಿದಾರ ಮ್ಯಾನ್‌ವಿಲ್ ಕಾರ್ಪೊರೇಷನ್. ಅದರ ಕಾರ್ಖಾನೆಗಳು ಎಂದಿನಂತೆ ನಡೆಯುತ್ತಿದ್ದವು, ಯಾರ ಸಂಬಳವೂ ನಿಂತಿರಲಿಲ್ಲ, ಸಾಲ ಕೊಟ್ಟ ಬ್ಯಾಂಕುಗಳು ಬಾಗಿಲಿಗೆ ಬಂದು ಕೂತಿರಲಿಲ್ಲ. ಸಾಲಸೋಲ ಕಳೆದು ಉಳಿಯುವ ಸ್ವಂತ ಆಸ್ತಿಯೇ 100 ಕೋಟಿ ಡಾಲರ್ ಮೀರಿತ್ತು. ಬೆನ್ನಲ್ಲೇ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂತು: ನಮ್ಮ ವ್ಯಾಪಾರಕ್ಕೇನೂ ಧಕ್ಕೆಯಿಲ್ಲ, ದಾವೆಗಳ ಹಾವಳಿಯನ್ನು ಮಾತ್ರ ತಾಳಲಾರೆವು.

ಅಂದು ಆ ಕಂಪನಿಯ ಮೇಲೆ ಸುಮಾರು 16,500 ದಾವೆಗಳಿದ್ದವು. ಎಲ್ಲವೂ ಕಲ್ನಾರಿನವು. ನಮ್ಮಲ್ಲಿ ರೈಸ್‌ಮಿಲ್ಲು, ಕೋಳಿಫಾರಂ, ಹಳ್ಳಿ ಶಾಲೆಗಳ ಮೇಲೆ ಬೂದುಬಣ್ಣದ ಶೀಟಾಗಿ ಕಾಣುವ ಆಸ್ಬೆಸ್ಟಾಸೇ ಅದು. ಹೆನ್ರಿ ವಾರ್ಡ್ ಜಾನ್ಸ್ ಎಂಬಾತ 1858ರಲ್ಲಿ ನ್ಯೂಯಾರ್ಕಿನಲ್ಲಿ ಇದರ ವ್ಯಾಪಾರ ಶುರುಮಾಡಿದ. 1901ರಲ್ಲಿ ಅದು ಮಿಲ್ವಾಕಿಯ ಮ್ಯಾನ್‌ವಿಲ್ ಕಂಪನಿಯ ಜೊತೆ ಸೇರಿ ಜಾನ್ಸ್-ಮ್ಯಾನ್‌ವಿಲ್ ಆಯಿತು. ಹಡಗಿನ ಬಾಯ್ಲರು, ಉಗಿಕೊಳವೆ, ಛಾವಣಿ, ಬ್ರೇಕು, ಬೆಂಕಿ ತಾಗಬಾರದ ಕಡೆಯೆಲ್ಲ ಅದರ ಮಾಲು. ಅದರ ದೂಳು ಶ್ವಾಸಕೋಶ ಸೇರಿದರೆ ರೋಗ ಬಯಲಾಗಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷವೂ ಬೇಕು. ಕಂಪನಿಯ ಇಡೀ ತಂತ್ರ ನಿಂತಿದ್ದು ಈ ಅವಧಿಯ ಮೇಲೆ.

ದಾವೆಗೆ ಸಿದ್ಧತೆ 1982ರಲ್ಲಿ ಆರಂಭವಾದದ್ದಲ್ಲ, ಅದಕ್ಕೂ ಅರ್ಧ ಶತಮಾನ ಹಿಂದಿನದು. 1933ರ ಆಡಳಿತ ಮಂಡಳಿಯ ನಡಾವಳಿಯನ್ನು ನೋಡಿ. ಹನ್ನೊಂದು ಕಾರ್ಮಿಕರು ಹೂಡಿದ್ದ ದಾವೆಗಳನ್ನು 30,000 ಡಾಲರಿಗೆ ರಾಜಿ ಮಾಡಿಕೊಳ್ಳಲು ಮಂಡಳಿ ಒಪ್ಪಿತು. ಒಂದು ಷರತ್ತಿತ್ತು: ಆ ಕಾರ್ಮಿಕರ ವಕೀಲ ಇನ್ನು ಮುಂದೆ ಕಂಪನಿಯ ವಿರುದ್ಧ ಇಂಥ ಕೇಸನ್ನು ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಹಿಡಿಯಕೂಡದು. ರಾಜಿಯಾದದ್ದು ಹನ್ನೊಂದು ಜನರದು. ಬಾಗಿಲು ಮುಚ್ಚಿದ್ದು ಅವರ ಹಿಂದೆ ಬರಬಹುದಾದ ಎಲ್ಲರಿಗೂ.

ಎರಡು ವರ್ಷದ ಬಳಿಕ ಇನ್ನೊಂದು ಪ್ರಸಂಗ. 'ಆಸ್ಬೆಸ್ಟಾಸ್' ಎಂಬ ಉದ್ಯಮದ್ದೇ ಪತ್ರಿಕೆಯ ಸಂಪಾದಕರು, ಕಲ್ನಾರಿನ ಕಾಯಿಲೆಯ ಬಗ್ಗೆ ಇನ್ನಾದರೂ ಒಂದು ಲೇಖನ ಹಾಕಬಹುದೇ ಎಂದು ರೇಬೆಸ್ಟಾಸ್-ಮ್ಯಾನ್‌ಹಟನ್ ಕಂಪನಿಯ ಅಧ್ಯಕ್ಷ ಸಮ್ನರ್ ಸಿಂಪ್ಸನ್‌ಗೆ ಬರೆದು ಕೇಳಿದರು. ಪತ್ರಿಕೆಯವರು ವಿಷಯ ಹಾಕಲು ಉದ್ಯಮಿಯ ಅಪ್ಪಣೆ ಕೇಳುವುದೇ ಒಂದು ಸೋಜಿಗ. 1935ರ ಅಕ್ಟೋಬರಿನಲ್ಲಿ ಸಿಂಪ್ಸನ್ ಈ ಪತ್ರವನ್ನು ಜಾನ್ಸ್-ಮ್ಯಾನ್‌ವಿಲ್‌ನ ವಕೀಲ ವ್ಯಾಂಡಿವರ್ ಬ್ರೌನ್‌ಗೆ ಕಳಿಸಿ, ಈ ವಿಚಾರದಲ್ಲಿ ಮಾತು ಎಷ್ಟು ಕಡಿಮೆಯಾದರೆ ನಮಗೆ ಅಷ್ಟು ಒಳ್ಳೆಯದು ಎಂಬರ್ಥದಲ್ಲಿ ಬರೆದರು. ಒಂದೆರಡು ದಿನದಲ್ಲೇ ಬ್ರೌನ್ ಹೌದೆಂದು ಉತ್ತರಿಸಿದರು. ಪೈಪೋಟಿಯ ಕಂಪನಿಗಳು ಮೌನದ ವಿಷಯಕ್ಕೆ ಬಂದಾಗ ಒಂದೇ ಮನೆಯವರಾಗಿದ್ದವು.

ಸಂಶೋಧನೆಯನ್ನೂ ಹೀಗೆಯೇ ಹದ್ದುಬಸ್ತಿನಲ್ಲಿಟ್ಟರು. 1936ರಲ್ಲಿ ಕಂಪನಿಗಳು ನ್ಯೂಯಾರ್ಕ್ ರಾಜ್ಯದ ಸಾರನಾಕ್ ಪ್ರಯೋಗಾಲಯಕ್ಕೆ ಹಣ ಕೊಟ್ಟವು. ಫಲಿತಾಂಶ ಹಣ ಕೊಟ್ಟವರ ಸ್ವತ್ತು, ಪ್ರಕಟಣೆಗೆ ಅವರ ಒಪ್ಪಿಗೆ ಬೇಕು ಎಂಬುದು ಕರಾರು. ಅಲ್ಲಿನ ವಿಜ್ಞಾನಿ ಲೆರಾಯ್ ಗಾರ್ಡ್ನರ್ ಇಲಿಗಳಲ್ಲಿ ಗೆಡ್ಡೆಗಳನ್ನು ಕಂಡರು. ಅವರು ತೀರಿಕೊಂಡ ಮೇಲೆ, 1951ರಲ್ಲಿ ಅಚ್ಚಾದ ವರದಿಯಲ್ಲಿ ಕ್ಯಾನ್ಸರಿನ ಸುದ್ದಿಯೇ ಇರಲಿಲ್ಲ. ಈ ನಡುವೆ 1949ರಲ್ಲಿ ಜಾನ್ಸ್-ಮ್ಯಾನ್‌ವಿಲ್‌ನ ಕೆನಡಾದ ಗಣಿಯ ವೈದ್ಯ ಕೆನೆತ್ ಸ್ಮಿತ್, ಎಕ್ಸ್‌ರೇಯಲ್ಲಿ ರೋಗ ಕಂಡರೂ ಇನ್ನೂ ಗಟ್ಟಿಮುಟ್ಟಾಗಿರುವ ಕಾರ್ಮಿಕರಿಗೆ ಅದನ್ನು ತಿಳಿಸುವುದು ಬೇಡ ಎಂದು ಬರೆದಿಟ್ಟರು. ಅವರು ನೆಮ್ಮದಿಯಾಗಿ ದುಡಿಯಲಿ, ಅವರ ಅನುಭವ ಕಂಪನಿಗೆ ಸಿಗಲಿ ಎಂಬುದು ಕಾರಣ. ರೋಗಿಗೆ ರೋಗ ಗೊತ್ತಿಲ್ಲದಿದ್ದರೆ ದಾವೆ ಎಲ್ಲಿಂದ ಬರಬೇಕು?

ಬಂದದ್ದು ಕಂಪನಿ ಕಾಯುತ್ತಿದ್ದ ದಿಕ್ಕಿನಿಂದಲ್ಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಡಾ. ಇರ್ವಿಂಗ್ ಸೆಲಿಕಾಫ್ ಕಂಪನಿಗಳನ್ನು ಬಿಟ್ಟು ಕಾರ್ಮಿಕ ಸಂಘದ ದಾಖಲೆಗಳನ್ನು ಹಿಡಿದು, ಉಗಿಕೊಳವೆಗಳಿಗೆ ಕಲ್ನಾರು ಸುತ್ತುವವರು ಯಾವ ಕಾಯಿಲೆಯಿಂದ ಸತ್ತರೆಂದು ಪತ್ತೆಮಾಡಿ 1964ರಲ್ಲಿ ಪ್ರಕಟಿಸಿದರು. ಜಾನ್ಸ್-ಮ್ಯಾನ್‌ವಿಲ್ ತನ್ನ ಮಾಲಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಲು ತೊಡಗಿದ್ದೂ ಅದೇ ವರ್ಷ. ಟೆಕ್ಸಾಸಿನ ಅಂಥ ಒಬ್ಬ ಕೆಲಸಗಾರ ಕ್ಲಾರೆನ್ಸ್ ಬೋರೆಲ್ 1969ರಲ್ಲಿ ತಯಾರಕರ ಮೇಲೆ ದಾವೆ ಹೂಡಿ, ಅದು ಮುಗಿಯುವ ಮೊದಲೇ ತೀರಿಕೊಂಡರು. 1973ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಎತ್ತಿಹಿಡಿಯಿತು: ಅಪಾಯವನ್ನು ತಿಳಿದಿರುವುದೂ ತಿಳಿಸುವುದೂ ತಯಾರಕನ ಹೊಣೆ. ಸಿಕ್ಕ ಪರಿಹಾರ ಎಂಬತ್ತು ಸಾವಿರ ಡಾಲರಿಗೂ ಕಡಿಮೆ. ಅದರ ಹಿಂದೆ ಬಂದ ದಾವೆಗಳು ಸಾವಿರಾರು.

ಅದರ ಮೇಲೆ 1977ರಲ್ಲಿ, ನ್ಯೂಜೆರ್ಸಿಯ ಮೊಕದ್ದಮೆಯೊಂದರಲ್ಲಿ, ಸಿಂಪ್ಸನ್ ಜೋಪಾನವಾಗಿ ತೆಗೆದಿಟ್ಟಿದ್ದ ಪತ್ರಗಳು ಹೊರಬಿದ್ದವು. ಮಾತು ಕಡಿಮೆಯಿರಲಿ ಎಂದವರು ಕಾಗದ ಸುಡುವುದನ್ನು ಮರೆತಿದ್ದರು. ನಮಗೇನೂ ಗೊತ್ತಿರಲಿಲ್ಲ ಎಂಬ ವಾದ ಅಲ್ಲಿಗೆ ನೆಲಕಚ್ಚಿತು. ಜೂರಿಗಳು ಪರಿಹಾರದ ಜೊತೆಗೆ ದಂಡವನ್ನೂ ಹಾಕತೊಡಗಿದರು.

ಇನ್ನು ಉಳಿದದ್ದು ಲೆಕ್ಕದ ಆಟ. ಹಣ ಕೊಡಬೇಕಾದ ವಿಮಾ ಕಂಪನಿಗಳು, ರೋಗ ಹುಟ್ಟಿದ ವರ್ಷದ ಪಾಲಿಸಿಯೋ ಕಾಣಿಸಿದ ವರ್ಷದ್ದೋ ಎಂದು ಜಗಳ ತೆಗೆದವು. 1981ರಲ್ಲಿ ಕಂಪನಿ ತನ್ನನ್ನೇ ಹಲವು ಅಂಗಸಂಸ್ಥೆಗಳಾಗಿ ಒಡೆದುಕೊಂಡು ಮೇಲೆ ಮ್ಯಾನ್‌ವಿಲ್ ಎಂಬ ಹೊಸ ಹೆಸರಿಟ್ಟಿತು. ಮುಂದೆ ಎಷ್ಟು ದಾವೆ ಬರಬಹುದೆಂದು ಹೊರಗಿನ ರೋಗ-ಅಂಕಿಅಂಶ ತಜ್ಞರಿಂದ ಅಂದಾಜು ಮಾಡಿಸಿತು. ಉತ್ತರ: ಸುಮಾರು 52,000, ತಲಾ 40,000 ಡಾಲರಿನಂತೆ 200 ಕೋಟಿ. ಲೆಕ್ಕಪತ್ರದ ನಿಯಮದ ಪ್ರಕಾರ ಇಂಥ ಅಂದಾಜು ಕೈಗೆ ಬಂದ ಮೇಲೆ ಅದಕ್ಕೆ ಹಣ ತೆಗೆದಿಡಬೇಕು. ತೆಗೆದಿಟ್ಟರೆ ಕಂಪನಿಯ ಸ್ವಂತ ಆಸ್ತಿಯೇ ಕರಗುತ್ತದೆ. ದಿವಾಳಿ ಅರ್ಜಿ ಹಾಕಲು ಆಡಳಿತ ಮಂಡಳಿಗೆ ಬೇಕಾಗಿದ್ದ ಕಾರಣ ಅದೇ. ಅರ್ಜಿ ಬಿದ್ದ ಕ್ಷಣವೇ ದೇಶದ ಎಲ್ಲ ಕೋರ್ಟುಗಳಲ್ಲಿ ಅದರ ಮೇಲಿನ ದಾವೆಗಳು ನಿಂತವು. ಉಸಿರಾಡಲು ಕಷ್ಟಪಡುತ್ತಿದ್ದವರು ವರ್ಷಗಟ್ಟಲೆ ಕಾದರು; ಎಷ್ಟೋ ಮಂದಿ ಕಾಯುತ್ತಲೇ ಹೋದರು.

ಇದರಲ್ಲೊಂದು ನ್ಯಾಯವೂ ಹುಟ್ಟಿತೆನ್ನಿ. ಇನ್ನೂ ರೋಗ ಕಾಣಿಸದ, ಹೆಸರೂ ಗೊತ್ತಿಲ್ಲದ ನಾಳಿನ ರೋಗಿಗಳ ಪರ ವಾದಿಸಲು ನ್ಯಾಯಾಲಯ ಒಬ್ಬ ವಕೀಲರನ್ನು ನೇಮಿಸಿತು. 1988ರಲ್ಲಿ ಎದ್ದುನಿಂತ ಪರಿಹಾರ ಟ್ರಸ್ಟಿಗೆ ಕಂಪನಿಯ ಶೇಕಡಾ 80ರವರೆಗಿನ ಷೇರು ಮೀಸಲಾಯಿತು. ಆದರೆ ಅಂದಾಜು ತಲೆಕೆಳಗಾಯಿತು. ಬೇಡಿಕೆ ಲಕ್ಷ ದಾಟಿ ಹಣ ಸಾಲದೆ ಪಾವತಿ ನಿಂತಿತು, ಮತ್ತೆ ಶುರುವಾದಾಗ ಗೊತ್ತುಮಾಡಿದ ಮೊತ್ತದಲ್ಲಿ ರೋಗಿಯ ಕೈಗೆ ಬಂದದ್ದು ನೂರಕ್ಕೆ ಹತ್ತು, 2001ರಲ್ಲಿ ಅದೂ ಐದಕ್ಕಿಳಿಯಿತು. ಅದೇ 2001ರಲ್ಲಿ ವಾರನ್ ಬಫೆಟ್‌ರ ಬರ್ಕ್‌ಶೈರ್ ಹಾಥವೇ ಈ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡಿತು.

ರೋಗ ದಶಕಗಳ ಬಳಿಕ ಬಯಲಾಗುವುದರಿಂದ ಹಳೆಯ ದಾಖಲೆಯೇ ಕಾರ್ಮಿಕನ ಸಾಕ್ಷಿ. ಭಾರತದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕೆಂದು ಆದೇಶಿಸಿತು.

ಅತ್ತ, ದಿವಾಳಿ ಕೋರ್ಟಿನ ಮೂಲಕ ದಾವೆಗಳನ್ನು ಟ್ರಸ್ಟಿಗೆ ಒಪ್ಪಿಸುವ, ಮ್ಯಾನ್‌ವಿಲ್ ಹಾಕಿದ ದಾರಿಗೆ ಅಮೆರಿಕದ ಸಂಸತ್ತು 1994ರಲ್ಲಿ ಕಾಯಿದೆಯ ಮುದ್ರೆಯೊತ್ತಿತು. 2021ರಲ್ಲಿ ಜಾನ್ಸನ್ ಅಂಡ್ ಜಾನ್ಸನ್, ಮಕ್ಕಳ ಪೌಡರಿನ ದಾವೆಗಳನ್ನೆಲ್ಲ ಹೊಸದೊಂದು ಅಂಗಸಂಸ್ಥೆಯ ತಲೆಗೆ ಕಟ್ಟಿ ಅದನ್ನು ದಿವಾಳಿ ಕೋರ್ಟಿಗೆ ಕಳಿಸಿತು. ಮೂರು ಸಲ ಪ್ರಯತ್ನಿಸಿತು, ಮೂರು ಸಲವೂ ನ್ಯಾಯಾಲಯಗಳು ಒಪ್ಪಲಿಲ್ಲ. ಕೊನೆಯದು ತಿರಸ್ಕೃತವಾದದ್ದು 2025ರ ಮಾರ್ಚ್ 31ರಂದು.