ವೇಗದ ಕಾರಿಗೆ ಯಾವ ಕ್ರೌನ್-ಪಿನಿಯನ್? ಹಿಂದಿನ ಆಕ್ಸಲ್ ಗೇರಿನ ಆಯ್ಕೆ

ದಿಂಬಂ ಘಾಟಿಯ 27 ತಿರುವು ಹತ್ತುವ ಲಾರಿಯವರಿಗಾಗಲಿ, ವಯನಾಡಿನ ಜೀಪಿನವರಿಗಾಗಲಿ ‘ಕ್ರೌನ್-ಪಿನಿಯನ್’ ಎಂಬ ಹೆಸರು ಹೊಸದಲ್ಲ. ಎಂಜಿನ್ನಿನ ಬಲ ಗೇರ್‌ಬಾಕ್ಸ್ ದಾಟಿ, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಬಂದು, ಕೊನೆಗೆ ಚಕ್ರಗಳ ಕಡೆಗೆ ತಿರುಗುವುದು ಈ ಎರಡು ಹಲ್ಲಿನ ಗಾಲಿಗಳಲ್ಲಿ. ಜೋಡಿ ಸವೆದು ಸದ್ದು ಮಾಡಿದರೆ ಅದೇ ಅಳತೆಯ ಹೊಸದನ್ನು ಹಾಕಿಸುವುದು ಗ್ಯಾರೇಜುಗಳ ರೂಢಿ. ಅಮೆರಿಕದ ಕಾರು ಪ್ರಿಯರಾದರೋ ಬೇರೆ ಅಳತೆಯ ಜೋಡಿ ಹಾಕಿಸಿ ಕಾರಿನ ಸ್ವಭಾವವನ್ನೇ ಬದಲಿಸುತ್ತಾರೆ. ಆಯ್ಕೆ ಸರಿಯಾದರೆ ಹಳೆಯ ಕಾರಿಗೆ ಹೊಸ ಚುರುಕು ಬರುತ್ತದೆ. ತಪ್ಪಿದರೆ ಹಣ, ಪೆಟ್ರೋಲು ಎರಡೂ ನಷ್ಟ. ಜೋಡಣೆ ಕೆಟ್ಟರಂತೂ ಪ್ರಾಣಕ್ಕೂ ಅಪಾಯ.

ಇದನ್ನು ತಿಳಿಯಲು ಒಳ್ಳೆಯ ಉದಾಹರಣೆ ಫೋರ್ಡ್ ಮಸ್ಟಾಂಗ್, ಅದರಲ್ಲೂ 1987ರಿಂದ 1993ರವರೆಗೆ ಬಂದ 5.0 ಲೀಟರ್ ವಿ-8 ಎಂಜಿನ್ನಿನ ಕಾರುಗಳು.

ಅನುಪಾತ ಎಂದರೇನು?

ಪ್ರೊಪೆಲ್ಲರ್ ಶಾಫ್ಟ್‌ನ ತುದಿಗಿರುವ ಚಿಕ್ಕ ಗಾಲಿ ಪಿನಿಯನ್. ಅದು ತಿರುಗಿಸುವ ದೊಡ್ಡ ಬಳೆಯಂಥದ್ದು ಕ್ರೌನ್. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಕ್ರೌನ್‌ಗೆ 41, ಪಿನಿಯನ್‌ಗೆ 11 ಹಲ್ಲಿದ್ದರೆ 3.73. ಪಿನಿಯನ್‌ಗೆ 10 ಹಲ್ಲಿದ್ದರೆ 4.10. ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಅಷ್ಟು ಸುತ್ತು ತಿರುಗಬೇಕು.

ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಪಿಕಪ್ ಚುರುಕು. ಅದೇ ವೇಗಕ್ಕೆ ಎಂಜಿನ್ ಮಾತ್ರ ಹೆಚ್ಚು ತಿರುಗಬೇಕು. ಸಂಖ್ಯೆ ಚಿಕ್ಕದಾದರೆ ಎಂಜಿನ್ ಶಾಂತವಾಗಿರುತ್ತದೆ, ಆದರೆ ಕಾರು ನಿಧಾನವಾಗಿ ಮೇಲೇಳುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

ಕಾರ್ಖಾನೆ ಕೊಟ್ಟದ್ದು ಏನು?

ಐದು ಗೇರಿನ ಆ ಮಸ್ಟಾಂಗ್‌ಗೆ ಫೋರ್ಡ್ ಸಾಮಾನ್ಯವಾಗಿ 2.73 ಜೋಡಿಯನ್ನೂ, ಕೇಳಿದವರಿಗೆ 3.08ನ್ನೂ ಹಾಕಿ ಕೊಡುತ್ತಿತ್ತು. ಇವೆರಡೂ ಹೆದ್ದಾರಿಯ ಮೈಲೇಜಿಗೆ ಹೊಂದುವ ಗೇರುಗಳು. ಆ ಗೇರ್‌ಬಾಕ್ಸಿನ ಮೊದಲ ಗೇರು 3.35, ಐದನೆಯದು 0.68. ಮೊದಲ ಗೇರನ್ನು ಆಕ್ಸಲ್ ಅನುಪಾತದಿಂದ ಗುಣಿಸಿದರೆ ಕಾರು ನಿಂತಲ್ಲಿಂದ ಹೊರಡುವಾಗ ಸಿಗುವ ಒಟ್ಟು ಎಳೆತ ತಿಳಿಯುತ್ತದೆ. 2.73ರಲ್ಲಿ ಅದು 9.15, 3.73ರಲ್ಲಿ 12.5. ಎಂಜಿನ್ನನ್ನು ಮುಟ್ಟದೆಯೇ ಚಕ್ರಕ್ಕೆ ಶೇ. 36ಕ್ಕೂ ಹೆಚ್ಚು ಬಲ ಸಿಕ್ಕಂತಾಯಿತು. ಈ ಬದಲಾವಣೆ ಅಷ್ಟು ಜನಪ್ರಿಯವಾಗಲು ಕಾರಣ ಇದೇ.

ಇನ್ನು ಹೆದ್ದಾರಿಯ ಲೆಕ್ಕ. 225/55-16 ಅಳತೆಯ ಟೈರಿನಲ್ಲಿ, ಐದನೆಯ ಗೇರಿನಲ್ಲಿ, ಗಂಟೆಗೆ 100 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು ಸುಮಾರು ಹೀಗಿವೆ:

2.73 – 1,500
3.08 – 1,700
3.55 – 1,960
3.73 – 2,060
4.10 – 2,260

ಇನ್ನೊಂದು ಲೆಕ್ಕವೂ ಇದೆ. ಎಂಜಿನ್ 4,500 ಸುತ್ತು ಮುಟ್ಟುವಾಗ ಮೊದಲ ಗೇರಿನಲ್ಲಿ 2.73ರ ಕಾರು ಗಂಟೆಗೆ 60 ಕಿ.ಮೀ. ತಲುಪಿರುತ್ತದೆ. 4.10ರ ಕಾರು 40ಕ್ಕೇ ಎರಡನೆಯ ಗೇರು ಕೇಳುತ್ತದೆ. ಊರೊಳಗೆ ಓಡಿಸುವವರಿಗೆ ಇದು ಕೈಕಾಲಿಗೆ ಬಿಡುವಿಲ್ಲದ ಕೆಲಸ.

ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು, ಕಾರು ದಿನವೂ ಮಾಡುವ ಕೆಲಸ ಯಾವುದು? ಹೆದ್ದಾರಿಯಲ್ಲೇ ಹೆಚ್ಚು ಓಡುವುದಾದರೆ 3.27 ಅಥವಾ 3.55 ಸಾಕು. ಊರು, ಹೆದ್ದಾರಿ ಎರಡಕ್ಕೂ 3.73. ಕಾಲು ಮೈಲಿಯ ಪಂದ್ಯಕ್ಕೇ ಹೆಚ್ಚು ಬಳಸುವುದಾದರೆ 4.10.

ಎರಡನೆಯದು, ಎಂಜಿನ್ ಎಲ್ಲಿ ಬಲ ಕೊಡುತ್ತದೆ? ಹಳೆಯ 5.0 ಎಂಜಿನ್ 3,000 ಸುತ್ತಿನ ಆಸುಪಾಸಿನಲ್ಲೇ ತನ್ನ ಗರಿಷ್ಠ ಎಳೆತ ಕೊಡುತ್ತಿತ್ತು. 1987ರಿಂದ 1992ರವರೆಗಿನ ಕಾರುಗಳಲ್ಲಿ 225 ಅಶ್ವಶಕ್ತಿ ಸಿಗುತ್ತಿದ್ದುದು 4,200 ಸುತ್ತಿನಲ್ಲಿ. ಅಂಥ ಎಂಜಿನ್ನಿಗೆ ತೀರಾ ದೊಡ್ಡ ಸಂಖ್ಯೆ ಬೇಕಿಲ್ಲ. ಮೇಲಿನ ಸುತ್ತುಗಳಲ್ಲಿ ಬಲ ಕೊಡುವ ಎಂಜಿನ್ನಿಗೆ ದೊಡ್ಡ ಸಂಖ್ಯೆ ಹೊಂದುತ್ತದೆ. 2003ರ ಕೋಬ್ರಾ ಮಾದರಿಗೆ ಸೂಪರ್‌ಚಾರ್ಜರ್ ಕೂಡಿಸಿ 390 ಅಶ್ವಶಕ್ತಿ ಕೊಟ್ಟ ಫೋರ್ಡ್, ಅದಕ್ಕೆ 3.55 ಜೋಡಿಯನ್ನೇ ಹಾಕಿತು. ಬಲ ಧಾರಾಳವಾಗಿರುವಲ್ಲಿ ಗೇರು ಇನ್ನೂ ಹೆಚ್ಚಿಸಿದರೆ ಟೈರು ನಿಂತಲ್ಲೇ ತಿರುಗಿ ಹೊಗೆಯಾಡುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಮೂರನೆಯದು, ಟೈರಿನ ಎತ್ತರ ಎಷ್ಟು? ಮೇಲೆ ಹೇಳಿದ ಟೈರಿನ ವ್ಯಾಸ ಸುಮಾರು 654 ಮಿ.ಮೀ. ಅದರ ಬದಲು 711 ಮಿ.ಮೀ. ಟೈರು ಹಾಕಿದರೆ 4.10 ಜೋಡಿ 3.77ರಂತೆ ವರ್ತಿಸುತ್ತದೆ. ಆದ್ದರಿಂದ ಟೈರು ಮೊದಲು ನಿಶ್ಚಯವಾಗಲಿ, ಗೇರು ಆಮೇಲೆ.

ನಾಲ್ಕನೆಯದು, ಗೇರ್‌ಬಾಕ್ಸ್ ಯಾವುದು? ಅದೇ ಕಾರಿನ ಆಟೊಮ್ಯಾಟಿಕ್ ಬಾಕ್ಸಿನ ಮೊದಲ ಗೇರು 2.40 ಮಾತ್ರ. ಹಾಗಾಗಿ ಅದಕ್ಕೆ ಕೈಗೇರಿನ ಕಾರಿಗಿಂತ ಒಂದು ಹೆಜ್ಜೆ ದೊಡ್ಡ ಸಂಖ್ಯೆ ಒಪ್ಪುತ್ತದೆ.

ಈಗಿರುವುದು ಯಾವುದೆಂದು ತಿಳಿಯುವುದು ಹೇಗೆ?

ಫೋರ್ಡ್ ಆಕ್ಸಲ್‌ನ ಹಿಂಬದಿ ಮುಚ್ಚಳದ ಬೋಲ್ಟಿಗೆ ಒಂದು ಚಿಕ್ಕ ತಗಡಿನ ಬಿಲ್ಲೆ ಇರುತ್ತದೆ. ಅದರಲ್ಲಿ ‘3ಎಲ್73’ ಎಂದಿದ್ದರೆ ಅನುಪಾತ 3.73. ನಡುವಿನ ‘ಎಲ್’ ಅಕ್ಷರ, ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕಳಿಸುವ ‘ಟ್ರ್ಯಾಕ್ಷನ್-ಲಾಕ್’ ಇದೆ ಎಂಬುದರ ಗುರುತು. ಬಿಲ್ಲೆ ಕಳೆದಿದ್ದರೆ ಮುಚ್ಚಳ ತೆಗೆದು ಹಲ್ಲು ಎಣಿಸುವುದೇ ಖಚಿತ ದಾರಿ.

ಆಕ್ಸಲ್‌ನ ಅಳತೆಯೂ ಮುಖ್ಯ. ವಿ-8 ಮಸ್ಟಾಂಗ್‌ಗೆ 1986ರಿಂದ ಬಂದದ್ದು 8.8 ಇಂಚಿನ ಕ್ರೌನ್. ಚಿಕ್ಕ ಎಂಜಿನ್ನಿನ ಕಾರುಗಳದ್ದು 7.5 ಇಂಚು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಷೆವರ್ಲೆಯ 12 ಬೋಲ್ಟಿನ ಆಕ್ಸಲ್‌ನಲ್ಲಿ, ಅನುಪಾತ ಒಂದು ಮಿತಿ ದಾಟಿದರೆ ಕ್ರೌನ್ ಹೊರುವ ಒಳಗಿನ ಗೂಡನ್ನೂ ಬದಲಿಸಬೇಕು. ಅದು ಬೇರೆ ಖರ್ಚು.

ಜೋಡಣೆಯೇ ಅರ್ಧ ಕೆಲಸ

ಕ್ರೌನ್, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿಯೇ ಕೊಡುತ್ತಾರೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಾತ್ರ ಬದಲಿಸಬಾರದು. ಪಿನಿಯನ್ ಎಷ್ಟು ಒಳಗಿರಬೇಕೆಂಬುದನ್ನು ಷಿಮ್‌ಗಳಿಂದ ಸರಿಪಡಿಸಬೇಕು. ಹಲ್ಲುಗಳ ನಡುವಿನ ಆಟವನ್ನು ಡಯಲ್ ಗೇಜಿನಲ್ಲಿ ಅಳೆಯಬೇಕು. ಈ ಆಕ್ಸಲ್‌ನಲ್ಲಿ ಅದು ಇಂಚಿನ ಸಾವಿರದ 8ರಿಂದ 15 ಭಾಗದೊಳಗಿರಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು, ಅಂಚಿಗೆ ಬಿದ್ದರೆ ಜೋಡಣೆ ತಪ್ಪಿದೆ ಎಂದೇ ಅರ್ಥ. ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವೆ, ನಟ್ ಬಿಗಿದಂತೆ ಕುಗ್ಗುವ ಕೊಳವೆಯೊಂದಿದೆ. ಅದನ್ನು ಪ್ರತಿ ಸಲವೂ ಹೊಸದಾಗಿಯೇ ಹಾಕಬೇಕು.

ಈ ಕೆಲಸ ಕೆಟ್ಟರೆ ಮೊದಲು ಒಂದೇ ಸಮನೆ ಗೊಂಯ್ ಎಂಬ ಸದ್ದು, ಆಮೇಲೆ ಬಿಸಿ, ಕೊನೆಗೆ ಹಲ್ಲು ಮುರಿಯುವುದು. ಓಡುವ ಕಾರಿನಲ್ಲಿ ಮುರಿದ ಹಲ್ಲು ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಒಮ್ಮೆಲೇ ಬಿಗಿದುಕೊಳ್ಳಬಹುದು. ಹಣ ಉಳಿಸಲು ಅನುಭವವಿಲ್ಲದವರ ಕೈಗೆ ಕೊಡಬಾರದು ಎನ್ನುವುದು ಇದಕ್ಕೇ.

ಹೊಸ ಜೋಡಿಯನ್ನು ಮೊದಲ ದಿನ 25-30 ಕಿ.ಮೀ. ಹದವಾಗಿ ಓಡಿಸಿ, ಪೂರ್ತಿ ತಣಿಯಲು ಬಿಡಬೇಕು. ಮೊದಲ 800 ಕಿ.ಮೀ. ಜೋರು ಓಟ, ಭಾರ ಎಳೆಯುವುದು ಬೇಡ. ಆಮೇಲೆ ಎಣ್ಣೆ ಬದಲಿಸುವುದು ಒಳ್ಳೆಯದು. ಎಣ್ಣೆ ಜಿಎಲ್-5 ದರ್ಜೆಯದ್ದಿರಲಿ. ಟ್ರ್ಯಾಕ್ಷನ್-ಲಾಕ್ ಇದ್ದರೆ ಅದರ ಕ್ಲಚ್ ತಟ್ಟೆಗಳಿಗೆಂದೇ ಬರುವ ದ್ರವವನ್ನೂ ಬೆರೆಸಬೇಕು.

ಸ್ಪೀಡೋಮೀಟರ್ ಮರೆಯಬಾರದು. ಆ ಕಾಲದ ಮಸ್ಟಾಂಗ್‌ನಲ್ಲಿ ಅದು ಗೇರ್‌ಬಾಕ್ಸಿನಿಂದ ಕೇಬಲ್ ಮೂಲಕ ತಿರುಗುತ್ತಿತ್ತು. 3.08 ತೆಗೆದು 3.73 ಹಾಕಿ ಹಾಗೆಯೇ ಬಿಟ್ಟರೆ, ನಿಜವಾದ ವೇಗ 100 ಇದ್ದಾಗ ಮುಳ್ಳು 121 ತೋರಿಸುತ್ತದೆ. ಕೇಬಲ್ಲಿನ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಬದಲಿಸಿದರೆ ಸರಿಹೋಗುತ್ತದೆ.

ಜೀಪಿಗೂ ಇದೇ ಲೆಕ್ಕ

ಮಾರುತಿ 800, ಆಲ್ಟೊದಂಥ ಕಾರುಗಳಲ್ಲಿ ಬಲ ಮುಂದಿನ ಚಕ್ರಕ್ಕೆ ಹೋಗುವುದರಿಂದ ಹಿಂದಿನ ಆಕ್ಸಲ್‌ನಲ್ಲಿ ಗೇರೇ ಇಲ್ಲ. ಆದರೆ ಜೀಪಿಗೆ ದೊಡ್ಡ ಟೈರು ಹಾಕಿ ‘ಎಳೆತ ಹೋಯಿತು’ ಎನ್ನುವವರಿಗೆ ಉತ್ತರ ಮೇಲಿನ ಟೈರಿನ ಲೆಕ್ಕದಲ್ಲೇ ಇದೆ. ಅಂಥ ಜೀಪಿನ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ ಎಂಬುದೂ ನೆನಪಿರಲಿ. ಫೋರ್ ವೀಲ್ ಡ್ರೈವ್ ಜೀಪಾದರೆ ಹಿಂದೆ, ಮುಂದೆ ಎರಡೂ ಕಡೆ ಒಂದೇ ಅನುಪಾತದ ಜೋಡಿ ಇರಲೇಬೇಕು. ಇಲ್ಲದಿದ್ದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟಾಗ ಒಂದು ಆಕ್ಸಲ್ ಇನ್ನೊಂದರೊಡನೆ ಜಗ್ಗಾಡಿ ಗೇರು ಮುರಿಯುತ್ತದೆ.

ಪಂದ್ಯದ ಕಾರಾಗಲಿ, ಘಾಟಿಯ ಜೀಪಾಗಲಿ, ದೊಡ್ಡ ಸಂಖ್ಯೆಯೇ ಒಳ್ಳೆಯ ಗೇರಲ್ಲ. ವಾಹನ ದಿನವೂ ಓಡುವ ದಾರಿಗೆ ಹೊಂದುವ ಸಂಖ್ಯೆಯೇ ಒಳ್ಳೆಯ ಗೇರು.